ಔಷಧ ಪಂಪಿನ ಎಂಜಿನ್ನಿಗೆ ಗಾಣದ ಕುಸುಬಿ ಎಣ್ಣೆ: ಜೇವರ್ಗಿ ತಾಲ್ಲೂಕಿನ ಒಂದು ಪ್ರಕರಣ

2025ರ ಡಿಸೆಂಬರ್ ಮೊದಲ ವಾರದಲ್ಲಿ ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರಿಂದ ತಂದೆ ಮತ್ತು ಮಗ, ಬೆನ್ನಿಗೆ ಹಾಕಿಕೊಳ್ಳುವ ಪೆಟ್ರೋಲ್ ಪಂಪೊಂದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಕಲಬುರಗಿಯ ನನ್ನ ರಿಪೇರಿ ಅಂಗಡಿಗೆ ಬಂದರು. ತೊಗರಿಗೆ ಔಷಧ ಸಿಂಪಡಿಸುವ ಈ ಪಂಪಿಗೆ ಸುಮಾರು 26 ಸಿಸಿಯ ಟೂ-ಸ್ಟ್ರೋಕ್ ಎಂಜಿನ್ ಇದೆ. ಔಷಧದ ಟ್ಯಾಂಕು 20 ಲೀಟರಿನದು, ಪೆಟ್ರೋಲ್ ಟ್ಯಾಂಕು ಒಂದು ಲೀಟರಿಗಿಂತ ತುಸು ಚಿಕ್ಕದು. ಕೊಂಡು ಮೂರು ಹಂಗಾಮು ಆಗಿತ್ತು. ಹಗ್ಗ ಹಿಡಿದು ಎಳೆದರೆ ಒಂದು ಗೇಣೂ ಬರಲಿಲ್ಲ. ಎಂಜಿನ್ ಜಾಮ್ ಆಗಿತ್ತು.

ಹಂಗಾಮಿನಲ್ಲಿ ಇಂಥ ಪಂಪುಗಳು ದಿನಕ್ಕೆ ಎರಡು ಮೂರಾದರೂ ಬರುತ್ತವೆ, ಮತ್ತು ಹತ್ತರಲ್ಲಿ ಎಂಟು ಸಲ ಕಾರಣ ಒಂದೇ: ಪೆಟ್ರೋಲಿಗೆ ಎಣ್ಣೆ ಬೆರೆಸುವುದನ್ನು ಮರೆತಿರುತ್ತಾರೆ. ಆ ಅಭ್ಯಾಸಬಲದಿಂದಲೇ ನಾನು ಪಂಪನ್ನು ಬಿಚ್ಚುವ ಮೊದಲೇ, "ಎಣ್ಣೆ ಇಲ್ಲದೆ ಓಡಿಸಿದ್ದೀರಿ" ಎಂದುಬಿಟ್ಟೆ. ಮಗನ ಮುಖ ಸಿಟ್ಟಾಯಿತು. "ಎಣ್ಣಿ ಹಾಕಲಾರದೆ ಓಡ್ಸೀವಿ ಅಂತ ಯಾಕ ಅಂತೀರಿ ಮಾಸ್ತರ್ರ? ಪುಸ್ತಕದಾಗ ಬರದಿದ್ದಕ್ಕಿಂತ ಜಾಸ್ತೀನೇ ಹಾಕೀವಿ, ನಮ್ಮಪ್ಪಗ ಕೇಳ್ರಿ" ಎಂದ. ಅವನು ಹೇಳಿದ್ದು ನಿಜವಾಗಿತ್ತು. ತಪ್ಪು ನನ್ನದು. ಎಣ್ಣೆ ಕಡಿಮೆಯಾಗಿ ಕೆಟ್ಟ ಎಂಜಿನ್ನಿಗೂ ಎಣ್ಣೆ ಹೆಚ್ಚಾಗಿ, ಅದೂ ಬೇರೆ ಜಾತಿಯ ಎಣ್ಣೆ ಹೆಚ್ಚಾಗಿ ಕೆಟ್ಟ ಎಂಜಿನ್ನಿಗೂ ಹೊರಗಿನಿಂದ ನೋಡಿದಾಗ ವ್ಯತ್ಯಾಸವೇ ಕಾಣದು ಎಂಬುದಕ್ಕಾಗಿ ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ನಡೆದದ್ದು ಏನು

ಆ ಕುಟುಂಬಕ್ಕೆ ಏಳು ಎಕರೆ ಎರೆ ಹೊಲವಿದೆ. ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ನದಿ ಉಕ್ಕಿದಾಗ ತಗ್ಗಿನ ಎರಡು ಎಕರೆ ನೀರಲ್ಲಿ ನಿಂತು ಹೋಯಿತು. ಮೇಲಿನ ಐದು ಎಕರೆ ತೊಗರಿ ಉಳಿಯಿತು. ಉಳಿದದ್ದನ್ನು ಕಾಯಿಕೊರಕಕ್ಕೆ ಬಿಟ್ಟುಕೊಡಬಾರದೆಂಬ ಹಟದಲ್ಲಿ ಅವರು ಹೂ ಬಿಡುವ ಹೊತ್ತಿನಿಂದಲೇ ಸಿಂಪಡಣೆ ಶುರು ಮಾಡಿದರು. ಜೊತೆಗೆ ಮಗ ಅಕ್ಕಪಕ್ಕದವರ ಹೊಲಗಳಿಗೂ ಬಾಡಿಗೆಗೆ ಹೋಗುತ್ತಿದ್ದುದರಿಂದ ಪಂಪು ಆ ಎರಡು ತಿಂಗಳಲ್ಲಿ ಸಾಮಾನ್ಯ ರೈತರ ಮನೆಯ ಪಂಪಿಗಿಂತ ನಾಲ್ಕು ಪಟ್ಟು ಓಡಿತು.

ಮೊದಲು ಬಳಸಿದ್ದು ಪಂಪಿನೊಂದಿಗೆ ಕೊಂಡಿದ್ದ 2ಟಿ ಎಣ್ಣೆ, ಅಂದರೆ ಟೂ-ಸ್ಟ್ರೋಕ್ ಎಂಜಿನ್ನಿನ ಪೆಟ್ರೋಲಿಗೆ ಬೆರೆಸಲೆಂದೇ ಮಾಡಿದ ಎಣ್ಣೆ. ಕೈಪಿಡಿಯಲ್ಲಿ ಬರೆದಿರುವ ಪ್ರಮಾಣ 25ಕ್ಕೆ 1, ಅಂದರೆ ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿ ಎಣ್ಣೆ. ಒಂದು ಲೀಟರ್ ಡಬ್ಬಿ 25 ಲೀಟರ್ ಪೆಟ್ರೋಲಿಗೆ ಬರುತ್ತದೆ. ಅಕ್ಟೋಬರ್ ಕೊನೆಗೆ ಅದು ಮುಗಿಯಿತು. ಊರಿನ ಹತ್ತಿರದ ಅಂಗಡಿಯಲ್ಲಿ 2ಟಿ ಸಿಗಲಿಲ್ಲ. ಇದೇನೂ ಅಚ್ಚರಿಯಲ್ಲ. ಲೂನಾ, ಚೇತಕ್, ಹಳೆಯ ಟಿವಿಎಸ್ ಎಕ್ಸ್‌ಎಲ್ ಓಡಾಡುತ್ತಿದ್ದ ಕಾಲದಲ್ಲಿ ಪ್ರತಿ ಬಂಕಿನ ಮೂಲೆಯಲ್ಲೂ 2ಟಿ ಎಣ್ಣೆಯ ಕೈಪಂಪು ಇರುತ್ತಿತ್ತು, ಅದರ ಗಾಜಿನ ಕೊಳವೆಯಲ್ಲಿ ಬಣ್ಣದ ಎಣ್ಣೆ ಏರಿ ಇಳಿಯುವುದನ್ನು ನೋಡುತ್ತಾ ನಿಲ್ಲುತ್ತಿದ್ದೆವು. ಎಕ್ಸ್‌ಎಲ್ ಕೂಡ 2015ರಲ್ಲಿ ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ಬದಲಾದ ಮೇಲೆ ಆ ಎಣ್ಣೆಯನ್ನು ಕೇಳುವವರು ಔಷಧ ಪಂಪಿನವರು ಮತ್ತು ಹುಲ್ಲು ಕೊಯ್ಯುವ ಯಂತ್ರದವರು ಮಾತ್ರ ಉಳಿದರು. ಅವರೂ ಕೇಳುವುದು ವರ್ಷದಲ್ಲಿ ಎರಡು ಮೂರು ತಿಂಗಳಷ್ಟೇ.

ಅಂಗಡಿಯವರು, "ಎಂಜಿನ್ ಎಣ್ಣಿ ಯಾವುದಾದರೇನು, ಹಾಕ್ರಿ" ಎಂದರಂತೆ. ಮನೆಯಲ್ಲಿ ಟ್ರ್ಯಾಕ್ಟರಿಗೆ ತಂದ 15ಡಬ್ಲ್ಯು-40 ಎಣ್ಣೆ ಇತ್ತು. ಅದನ್ನೇ ಅದೇ 40 ಮಿಲಿಯಂತೆ ಬೆರೆಸಿ ಸುಮಾರು 8 ಲೀಟರ್ ಪೆಟ್ರೋಲ್ ಓಡಿಸಿದರು. ಹೊಗೆ ಹೆಚ್ಚಾಯಿತು, ಬೆಳಿಗ್ಗೆ ಪಂಪು ಚಾಲೂ ಆಗಲು ಹತ್ತಾರು ಸಲ ಹಗ್ಗ ಎಳೆಯಬೇಕಾಯಿತು, ಪ್ಲಗ್ಗನ್ನು ದಿನ ಬಿಟ್ಟು ದಿನ ಬಿಚ್ಚಿ ಬ್ರಷ್ಷಿನಿಂದ ಉಜ್ಜಬೇಕಾಯಿತು. ಪ್ಲಗ್ಗಿನ ಎರಡು ತುದಿಗಳ ನಡುವೆ "ಬೂದಿ ಕಡ್ಡಿಯಂಥದ್ದು" ಕೂಡುತ್ತಿತ್ತು ಎಂದು ಮಗ ಹೇಳಿದ. ಈ ಒಂದು ಮಾತು ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು.

ಆಗ ಅವರ ಸೋದರಮಾವ ಒಬ್ಬರು, ಹಿಂದೆ ರೇಸಿನ ಗಾಡಿಗಳಿಗೆ ಔಡಲ ಎಣ್ಣೆ ಹಾಕುತ್ತಿದ್ದರೆಂದೂ, ಬೀಜದ ಎಣ್ಣೆಯಷ್ಟು ನುಣುಪು ಯಾವ ಡಬ್ಬಿ ಎಣ್ಣೆಗೂ ಇಲ್ಲವೆಂದೂ ಹೇಳಿದರು. ಔಡಲ ಎಣ್ಣೆ ಮನೆಯಲ್ಲಿ ಇರಲಿಲ್ಲ. ತಮ್ಮದೇ ಹೊಲದ ಕುಸುಬಿಯನ್ನು ಗಾಣಕ್ಕೆ ಹಾಕಿಸಿದ ಎಣ್ಣೆ ಇತ್ತು. ಅದೂ ಬೀಜದ ಎಣ್ಣೆಯೇ ಅಲ್ಲವೇ. "ತಿನ್ನೋ ಎಣ್ಣಿ, ಅದರಾಗೇನು ಕಲಬೆರಕಿ ಇರ್ತದ" ಎಂದು ಲೀಟರಿಗೆ 40ರ ಬದಲು 60 ಮಿಲಿ ಹಾಕಿದರು. ಹೆಚ್ಚು ಹಾಕಿದರೆ ಎಂಜಿನ್ನಿಗೆ ಒಳ್ಳೆಯದೆಂಬ ನಂಬಿಕೆ. ಎಂಜಿನ್ ಮೊದಲಿಗಿಂತ ಮೆತ್ತಗೆ ಓಡಿತು, ಪ್ಲಗ್ಗಿನ ಕಾಟ ನಿಂತಿತು, ಹೊಗೆಗೆ ಭಜಿ ಕರಿಯುವ ವಾಸನೆ ಬಂತು. ಆ ವಾಸನೆಗೆ ಹೊಲದಲ್ಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಹನ್ನೊಂದು ಹನ್ನೆರಡು ಲೀಟರ್ ಹೀಗೆ ಓಡಿತು. ಕೊನೆಯ ಎರಡು ದಿನ ಶಕ್ತಿ ಕುಂದಿ ಸಿಂಪಡಣೆಯ ಹನಿ ದಪ್ಪವಾಗಿ ಬೀಳತೊಡಗಿತ್ತು, ಆದರೆ ಕೆಲಸ ಮುಗಿಯುತ್ತಾ ಬಂದಿದ್ದರಿಂದ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅನಂತರ ಪಂಪು ಹತ್ತು ದಿನ ಕೊಟ್ಟಿಗೆಯಲ್ಲಿ ನಿಂತಿತು. ಹತ್ತು ದಿನದ ಮೇಲೆ ಹಗ್ಗ ಎಳೆದಾಗ ಅದು ಬಿಗಿಯಾಗಿತ್ತು. ಇಬ್ಬರು ಸೇರಿ ಜಗ್ಗಿದಾಗ ಟಕ್ಕೆಂದು ಬಿಟ್ಟುಕೊಂಡಿತು. ಚಾಲೂ ಆಯಿತು, ಅರ್ಧ ಗಂಟೆ ಓಡಿತು, ಒಂದು ಕೀರಲು ಸದ್ದು ಮಾಡಿ ನಿಂತಿತು. ಮತ್ತೆ ತಿರುಗಲಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ನಮ್ಮ ಕಡೆ ಕೀಟನಾಶಕಕ್ಕೂ ಎಣ್ಣೆ ಎನ್ನುತ್ತೇವೆ, ಅಡುಗೆಯದ್ದೂ ಎಣ್ಣೆ, ಟ್ರ್ಯಾಕ್ಟರಿನದ್ದೂ ಎಣ್ಣೆ, ಪಂಪಿಗೆ ಬೆರೆಸುವುದೂ ಎಣ್ಣೆ. "ಎಣ್ಣಿ ಹೊಡೀಲಿಕ್ಕೆ ಎಣ್ಣಿ ಇಲ್ಲ" ಎಂದರೆ ಹೊಲದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಮಾತಿನಲ್ಲಿ ಒಂದೇ ಪದವಾಗಿರುವುದು ಕೈಯಲ್ಲೂ ಒಂದೇ ವಸ್ತುವಾಗಿಬಿಡುವುದು ಎಷ್ಟು ಸಲೀಸು ಎಂಬುದನ್ನು ನಾನು ಅಂಗಡಿಯಲ್ಲಿ ಮತ್ತೆ ಮತ್ತೆ ನೋಡುತ್ತೇನೆ.

ಬಿಚ್ಚಿದಾಗ ಕಂಡದ್ದು

ಪ್ಲಗ್ ತೆಗೆದು ಆ ತೂತಿನಿಂದ ಸ್ವಲ್ಪ ಸೀಮೆಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಫ್ಲೈವ್ಹೀಲ್ ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಪಿಸ್ಟನ್ ಸಡಿಲಾಯಿತು. ಸೈಲೆನ್ಸರ್ ಬಿಚ್ಚಿದೊಡನೆ ಹೊಗೆ ಹೋಗುವ ಕಿಂಡಿ ಕಂಡಿತು. ಅದು ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಅಂಚನ್ನು ಕೆರೆದಾಗ, ಹಳೆಯ ಮನೆಯ ಗೋಡೆಯಲ್ಲಿ ಸುಣ್ಣದ ಮೇಲೆ ಸುಣ್ಣ ಬಳಿದ ಪದರಗಳು ಏಳುವಂತೆ ಎರಡು ಪದರ ಎದ್ದವು. ಮೇಲಿನದು ಕಂದು ಬಣ್ಣದ, ಹೊಳೆಯುವ, ಉಗುರಿಗೆ ತುಸು ಅಂಟುವ ಪದರ. ಅದರ ಕೆಳಗೆ ಬೂದುಬಿಳಿ ಬಣ್ಣದ, ಹೆಂಚಿನ ಚೂರಿನಂತೆ ಗಟ್ಟಿಯಾದ ಕಿಟ್ಟ. ಲೋಹಕ್ಕೆ ತಾಗಿ ತೆಳುವಾದ ಕರಿಮಸಿ, ಅದು ಎಲ್ಲ ಟೂ-ಸ್ಟ್ರೋಕ್ ಎಂಜಿನ್ನಿನಲ್ಲೂ ಇರುವಂಥದ್ದೇ. ಮೂರು ಎಣ್ಣೆಗಳ ಚರಿತ್ರೆ ತಾನು ನಡೆದ ಕ್ರಮದಲ್ಲೇ ಆ ಕಿಂಡಿಯಲ್ಲಿ ಕೂತಿತ್ತು.

ಸಿಲಿಂಡರ್ ಎತ್ತಿದ ಮೇಲೆ ಪಿಸ್ಟನ್ನಿನ ಮೇಲಿನ ರಿಂಗು ತಾನು ಕೂರುವ ತೋಡಿನಲ್ಲಿ ಪೂರ್ತಿ ಕಚ್ಚಿಕೊಂಡಿರುವುದು ಕಂಡಿತು. ಬೆರಳಿನಿಂದ ಒತ್ತಿದರೆ ರಿಂಗು ಒಳಗೆ ಹೋಗಿ ಮತ್ತೆ ಚಿಮ್ಮಬೇಕು. ಇದು ಪಿಸ್ಟನ್ನಿನದೇ ಭಾಗವೆನ್ನುವಂತೆ ಅಲುಗಾಡದೆ ನಿಂತಿತ್ತು. ಕೆಳಗಿನ ರಿಂಗು ಒಂದು ಕಡೆ ಸಡಿಲ, ಒಂದು ಕಡೆ ಬಿಗಿ. ಪಿಸ್ಟನ್ನಿನ ಮೈಮೇಲೆ ಅರಗಿನ ಬಣ್ಣದ ಲೇಪ, ಹೊಗೆ ಕಿಂಡಿಯ ಕಡೆಗೆ ಉದ್ದಕ್ಕೆ ಎಳೆದಂಥ ಗೀರುಗಳು. ಪೆಟ್ರೋಲ್ ಬರುವ ಕಡೆ ಗೀರಿಲ್ಲ. ಸಿಲಿಂಡರಿನ ಕ್ರೋಮ್ ಲೇಪದ ಮೇಲೆ ಪಿಸ್ಟನ್ನಿನ ಅಲ್ಯೂಮಿನಿಯಂ ಅಲ್ಲಲ್ಲಿ ಮೆತ್ತಿಕೊಂಡಿತ್ತು, ಲೇಪ ಮಾತ್ರ ಹರಿದಿರಲಿಲ್ಲ.

ನಿರ್ಣಾಯಕವಾಗಿದ್ದು ಇದಲ್ಲ, ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡಿನ ಮೇಲ್ತುದಿಯ ನೀಡಲ್ ಬೇರಿಂಗು, ಅಂದರೆ ಸೂಜಿಯಂಥ ಸಣ್ಣ ಉರುಳೆಗಳ ಬೇರಿಂಗು. ಎಣ್ಣೆ ಇಲ್ಲದೆ ಓಡಿದ ಎಂಜಿನ್ನಿನಲ್ಲಿ ಈ ಸೂಜಿಗಳು ಒಣಗಿ, ಕಾದು ನೀಲಿಯಾಗಿರುತ್ತವೆ. ಇಲ್ಲಿ ಅವು ಒದ್ದೆಯಾಗಿದ್ದವು. ಆದರೆ ಅಂಗೈ ಮೇಲೆ ಬೇರಿಂಗನ್ನು ಇಟ್ಟು ತಿರುಗಿಸಿದಾಗ ಸೂಜಿಗಳು ಉರುಳದೆ, ಅಂಟಿನಲ್ಲಿ ಸಿಕ್ಕ ಇರುವೆಯಂತೆ ಎಳೆದುಕೊಂಡು ಸರಿದವು. ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಕೇಸಿನ ತಳದಲ್ಲಿ ಒಂದೆಳೆ ಪಾಕಕ್ಕೆ ಬಂದ ಬೆಲ್ಲದಂಥ ದ್ರವ ನಿಂತಿತ್ತು. ಕಡ್ಡಿ ಅದ್ದಿ ಎತ್ತಿದರೆ ಎಳೆ ಬರುತ್ತಿತ್ತು. ಎಣ್ಣೆ ಇತ್ತು, ಸಾಕಷ್ಟು ಇತ್ತು, ಅದು ಎಣ್ಣೆಯಾಗಿ ಉಳಿದಿರಲಿಲ್ಲ. ಮಗನ ಕ್ಷಮೆ ಕೇಳಿದ್ದು ಆಗ.

ಇನ್ನೊಂದು ಅನುಮಾನವನ್ನೂ ಪರಿಶೀಲಿಸಬೇಕಿತ್ತು. ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಕೆಲವು ಹನಿ ನೀರಿತ್ತು. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ, ಎಥನಾಲ್ ನೀರನ್ನು ಹೀರುತ್ತದೆ. ಒಂದು ಸಣ್ಣ ಔಷಧದ ಬಾಟಲಿಯಲ್ಲಿ 2ಟಿ ಎಣ್ಣೆ ಬೆರೆಸಿದ ಪೆಟ್ರೋಲ್ ತುಂಬಿ ಹನಿ ಹನಿಯಾಗಿ ನೀರು ಹಾಕಿ ಕುಲುಕಿದರೆ ಇದನ್ನು ಯಾರಾದರೂ ನೋಡಬಹುದು: ಮೊದಲ ಹನಿಗಳು ಕಾಣೆಯಾಗುತ್ತವೆ, ಮತ್ತೆ ಬಾಟಲಿ ಮಂಜಾಗುತ್ತದೆ, ಆಮೇಲೆ ನೀರು ಎಥನಾಲನ್ನು ಎಳೆದುಕೊಂಡು ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಎಣ್ಣೆಯ ಬಣ್ಣ ಮೇಲಿನ ಪದರದಲ್ಲೇ ಉಳಿಯುತ್ತದೆ. ಪೆಟ್ರೋಲ್ ಎಳೆಯುವ ಕೊಳವೆ ಇರುವುದು ಟ್ಯಾಂಕಿನ ತಳದಲ್ಲಿ, ಅಂದರೆ ಎಣ್ಣೆಯೇ ಇಲ್ಲದ ಪದರದಲ್ಲಿ. ಎಷ್ಟೋ ಪಂಪುಗಳು ಹೀಗೆ ಸತ್ತಿವೆ. ಆದರೆ ಈ ಪಂಪಿನ ಬೇರಿಂಗು ಒದ್ದೆಯಾಗಿದ್ದರಿಂದ ಮತ್ತು ಟ್ಯಾಂಕಿನಲ್ಲಿದ್ದ ನೀರು ತೀರಾ ಅಲ್ಪವಾಗಿದ್ದರಿಂದ ಈ ಕಾರಣವನ್ನು ಕೈಬಿಟ್ಟೆ.

ಕಾರಣಗಳ ವಿಚಾರ

ಟ್ರ್ಯಾಕ್ಟರಿನಲ್ಲಿ ಎಣ್ಣೆ ಕೆಳಗಿನ ಚೇಂಬರಿನಲ್ಲಿ ನಿಂತು, ಪಂಪಿನ ಮೂಲಕ ಮೇಲೇರಿ, ಮತ್ತೆ ಕೆಳಗೆ ಬರುತ್ತದೆ. ಅದು ಉರಿಯಬಾರದು ಎಂದೇ ತಯಾರಾದ ಎಣ್ಣೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಅಂಥ ಚೇಂಬರ್ ಇಲ್ಲ. ಪೆಟ್ರೋಲಿನ ಜೊತೆ ಒಳಬಂದ ಎಣ್ಣೆ ಬೇರಿಂಗಿಗೂ ಸಿಲಿಂಡರಿಗೂ ಒಮ್ಮೆ ಮೆತ್ತಿ, ಪೆಟ್ರೋಲಿನ ಹಿಂದೆಯೇ ಮೇಲೆ ಹೋಗಿ ಉರಿದು, ಹೊಗೆಯಾಗಿ ಹೊರಬೀಳಬೇಕು. ಹೀಗಾಗಿ ಈ ಎಣ್ಣೆಗೆ ಎರಡು ಕೆಲಸ. ಮೊದಲನೆಯದು ನುಣುಪು ಕೊಡುವುದು, ಎರಡನೆಯದು ಕುರುಹು ಉಳಿಸದೆ ಹೋಗುವುದು. ಎರಡು ಬೆರಳ ನಡುವೆ ಹಚ್ಚಿ ತಿಕ್ಕಿ ನೋಡುವ ನಮ್ಮ ಪರೀಕ್ಷೆ ಮೊದಲನೆಯ ಕೆಲಸವನ್ನಷ್ಟೇ ಅಳೆಯುತ್ತದೆ. ಸೋದರಮಾವ ಬೆರಳಿಗೆ ಹಚ್ಚಿ ನೋಡಿ ಕುಸುಬಿ ಎಣ್ಣೆ ನುಣುಪು ಎಂದದ್ದು ಸುಳ್ಳಲ್ಲ. ಅವರು ಎರಡನೆಯದನ್ನು ಕೇಳಿಕೊಳ್ಳಲಿಲ್ಲ ಅಷ್ಟೆ.

ಟ್ರ್ಯಾಕ್ಟರ್ ಎಣ್ಣೆ ಈ ಎರಡನೆಯ ಪರೀಕ್ಷೆಯಲ್ಲಿ ಸೋಲುವುದು ಬೂದಿಯಿಂದ. ಡೀಸೆಲ್ ಎಂಜಿನ್ನಿನ ಮಸಿ ಮತ್ತು ಆಮ್ಲವನ್ನು ತಡೆಯಲು ಅದರಲ್ಲಿ ಕ್ಯಾಲ್ಸಿಯಂ, ಸವೆತವನ್ನು ತಡೆಯಲು ಸತುವಿನ ಸಂಯುಕ್ತಗಳನ್ನು ಸೇರಿಸಿರುತ್ತಾರೆ; ಎಣ್ಣೆ ಉರಿದರೂ ಲೋಹ ಉರಿಯುವುದಿಲ್ಲ, ಬೂದಿಯಾಗಿ ಉಳಿಯುತ್ತದೆ. ಜಪಾನಿನ ಜಾಸೋ ಮಾನದಂಡ ಟೂ-ಸ್ಟ್ರೋಕ್ ಎಣ್ಣೆಗೆ ಒಪ್ಪುವ ಸಲ್ಫೇಟ್ ಬೂದಿಯ ಮಿತಿ ಶೇಕಡಾ 0.25. ಡೀಸೆಲ್ ಎಂಜಿನ್ ಎಣ್ಣೆಯಲ್ಲಿ ಇದು ಸಾಮಾನ್ಯವಾಗಿ ಶೇಕಡಾ ಒಂದರ ಆಸುಪಾಸಿನಲ್ಲಿರುತ್ತದೆ. ಪ್ಲಗ್ಗಿನ ತುದಿಗಳ ನಡುವೆ ಮಗ ಕಂಡ ಬೂದಿ ಕಡ್ಡಿ, ಹೊಗೆ ಕಿಂಡಿಯ ಬೂದುಬಿಳಿ ಕಿಟ್ಟ, ಎರಡೂ ಅದೇ. ಬರೀ 8 ಲೀಟರ್ ಪೆಟ್ರೋಲಿನಲ್ಲಿ ಅಷ್ಟು ಕಿಟ್ಟ ಕೂಡಿತ್ತೆಂಬುದು ನನ್ನನ್ನೂ ಬೆರಗಾಗಿಸಿತು. ಹಳೆಯ ಮಸಿಯೂ ಅದಕ್ಕೆ ಬುನಾದಿಯಾಗಿದ್ದಿರಬೇಕು.

ಕುಸುಬಿ ಎಣ್ಣೆಯ ಕಥೆ ಬೇರೆ. ಅದರಲ್ಲಿ ಬೂದಿ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದಲೇ ಪ್ಲಗ್ಗಿನ ಕಾಟ ನಿಂತಿತು. ಅದರ ದೋಷ ಇರುವುದು ಒಣಗುವ ಗುಣದಲ್ಲಿ. ಕುಸುಬಿ ಎಣ್ಣೆಯ ಸುಮಾರು ಮುಕ್ಕಾಲು ಭಾಗ ಲಿನೋಲಿಕ್ ಆಮ್ಲ. ಇದು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಅಣುವಿಗೆ ಅಣು ಹೆಣೆದುಕೊಂಡು ಪೊರೆಯಾಗುತ್ತದೆ. ಬಣ್ಣ ತಯಾರಿಸುವವರಿಗೆ ಈ ಗುಣ ಬೇಕು, ಕುಸುಬಿ ಎಣ್ಣೆಯನ್ನು ಬಣ್ಣದಲ್ಲಿ ಬಳಸುವುದು ಇದೇ ಕಾರಣಕ್ಕೆ. ಎಣ್ಣೆಯೊಂದರ ಈ ಪ್ರವೃತ್ತಿಯನ್ನು ಅಯೋಡಿನ್ ಸಂಖ್ಯೆಯಿಂದ ಅಂದಾಜು ಮಾಡುತ್ತಾರೆ: ಕುಸುಬಿ ಎಣ್ಣೆಗೆ ಅದು 140ರ ಆಜುಬಾಜು, ಶೇಂಗಾ ಎಣ್ಣೆಗೆ 85ರಿಂದ 105, ಔಡಲ ಎಣ್ಣೆಗೆ 82ರಿಂದ 90. ಸಂಖ್ಯೆ ಹೆಚ್ಚಾದಷ್ಟೂ ಎಣ್ಣೆ ಬೇಗ ಪೊರೆಗಟ್ಟುತ್ತದೆ. ಬಿಸಿಯಲ್ಲಂತೂ ಈ ಕ್ರಿಯೆ ಹಲವು ಪಟ್ಟು ವೇಗವಾಗಿ ನಡೆಯುತ್ತದೆ, ಪಿಸ್ಟನ್ನಿನ ರಿಂಗಿನ ತೋಡಿನಷ್ಟು ಬಿಸಿಯಾದ, ತೆಳುವಾಗಿ ಎಣ್ಣೆ ಹರಡುವ ಜಾಗ ಎಂಜಿನ್ನಿನಲ್ಲಿ ಇನ್ನೊಂದಿಲ್ಲ.

ಇದನ್ನು ಆ ತಂದೆಗೆ ಅಂಕಿಗಳಿಂದ ಹೇಳಿ ಪ್ರಯೋಜನವಿರಲಿಲ್ಲ. "ಕಾಕಾ, ಮನ್ಯಾಗ ಕುಸುಬಿ ಎಣ್ಣಿ ಡಬ್ಬಿ ಬಾಯಿ ಅಂಚು ಹೆಂಗಿರ್ತದ ನೆನಪು ಮಾಡ್ಕೊಳ್ರಿ" ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಅಂಟಂಟು. ಧೂಳು ಹತ್ತಿ ಕೂತಿರ್ತದ. ಬಿಸಿನೀರಾಗ ತಿಕ್ಕಿದ್ರೂ ಹೋಗಂಗಿಲ್ಲ" ಎಂದರು. ಮತ್ತೆ ನಾನು ಏನೂ ಹೇಳಬೇಕಾಗಲಿಲ್ಲ. ಆದರೂ ಅವರೆದುರೇ ಎರಡು ತಗಡಿನ ಚೂರುಗಳ ಮೇಲೆ ಒಂದಕ್ಕೆ ಕುಸುಬಿ ಎಣ್ಣೆ, ಇನ್ನೊಂದಕ್ಕೆ 2ಟಿ ಎಣ್ಣೆ ಸವರಿ ಅಂಗಡಿಯ ತಗಡಿನ ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟೆ. ಹದಿನೈದು ದಿನದ ಮೇಲೆ ಅವರು ಪಂಪು ಒಯ್ಯಲು ಬಂದಾಗ 2ಟಿ ಸವರಿದ ತಗಡು ಇನ್ನೂ ಜಾರುತ್ತಿತ್ತು. ಕುಸುಬಿ ಎಣ್ಣೆ ಸವರಿದ ತಗಡಿನ ಮೇಲೆ ಬೆರಳಿಟ್ಟರೆ ಬೆರಳಿನ ಗುರುತು ಮೂಡುತ್ತಿತ್ತು, ಬೆರಳಿಗೆ ಎಣ್ಣೆ ಹತ್ತುತ್ತಿರಲಿಲ್ಲ.

ಹಾಗಾದರೆ ಜಾಮ್ ಆದ ಕ್ರಮ ಹೀಗೆ. ಬೂದಿಯ ಕಿಟ್ಟದಿಂದ ಹೊಗೆ ಕಿಂಡಿ ಕಿರಿದಾಯಿತು, ಬಿಸಿ ಹೊಗೆ ಪೂರ್ತಿ ಹೊರಹೋಗದೆ ಸಿಲಿಂಡರ್ ಮೊದಲಿಗಿಂತ ಹೆಚ್ಚು ಕಾಯತೊಡಗಿತು. ಆ ಬಿಸಿಯಲ್ಲಿ ಕುಸುಬಿ ಎಣ್ಣೆ ರಿಂಗಿನ ತೋಡಿನಲ್ಲಿ ಅರಗಾಯಿತು. ಹತ್ತು ದಿನ ನಿಂತಾಗ ಉಳಿದ ಜಿಡ್ಡೂ ಗಟ್ಟಿಯಾಗಿ ರಿಂಗು ಪೂರ್ತಿ ಕಚ್ಚಿಕೊಂಡಿತು. ಇಬ್ಬರು ಸೇರಿ ಜಗ್ಗಿದಾಗ ಬಿಟ್ಟದ್ದು ಪಿಸ್ಟನ್ ಮಾತ್ರ, ರಿಂಗಲ್ಲ. ರಿಂಗು ಸಿಲಿಂಡರಿಗೆ ಒತ್ತಿಕೊಳ್ಳದಿದ್ದರೆ ಉರಿಯುವ ಅನಿಲ ಪಿಸ್ಟನ್ನಿನ ಬದಿಯಿಂದ ಕೆಳಗೆ ನುಗ್ಗಿ ಎಣ್ಣೆಯ ಪೊರೆಯನ್ನೇ ಸುಟ್ಟುಹಾಕುತ್ತದೆ. ಎಲ್ಲಕ್ಕಿಂತ ಬಿಸಿಯಾದ ಹೊಗೆ ಕಿಂಡಿಯ ಕಡೆ ಅಲ್ಯೂಮಿನಿಯಂ ಸಿಲಿಂಡರಿಗೆ ಉಜ್ಜಿತು, ಮೆತ್ತಿಕೊಂಡಿತು, ಹಿಡಿಯಿತು.

ಲೀಟರಿಗೆ 60 ಮಿಲಿ ಹಾಕಿದ್ದು ಇದರಲ್ಲಿ ಎಷ್ಟರ ಮಟ್ಟಿಗೆ ಸೇರುತ್ತದೆ? ಎಣ್ಣೆ ಹೆಚ್ಚಾದರೆ ಕಾರ್ಬ್ಯುರೇಟರಿನ ಅದೇ ಜೆಟ್ಟಿನಿಂದ, ಅಂದರೆ ಅದೇ ಸಣ್ಣ ತೂತಿನಿಂದ, ಹೋಗುವ ಪೆಟ್ರೋಲು ಅಷ್ಟು ಕಡಿಮೆಯಾಗುತ್ತದೆ, ಗಾಳಿ ಮಾತ್ರ ಅಷ್ಟೇ ಇರುತ್ತದೆ; ಮಿಶ್ರಣ ಬಡವಾಗಿ ಎಂಜಿನ್ ಕಾಯುತ್ತದೆ. 40ರಿಂದ 60ಕ್ಕೆ ಏರಿಸಿದಾಗ ಪೆಟ್ರೋಲಿನ ಪಾಲು ಶೇಕಡಾ 2ರಷ್ಟು ಇಳಿಯುತ್ತದೆ. ಇದೊಂದೇ ಆಗಿದ್ದರೆ ನಾನು ಗಣನೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಎಥನಾಲಿನ ತೂಕದಲ್ಲಿ ಸುಮಾರು ಶೇಕಡಾ 35 ಆಮ್ಲಜನಕವೇ ಇರುವುದರಿಂದ ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ಯುರೇಟರಿನಲ್ಲಿ ಇ20 ಹಾಕಿದಾಗಲೇ ಮಿಶ್ರಣ ಒಂದಿಷ್ಟು ಬಡವಾಗಿರುತ್ತದೆ. ಬಡವನ ಮೇಲೆ ಇನ್ನೊಂದು ಹೊರೆ ಬಿದ್ದಂತಾಯಿತು. ಎಂಜಿನ್ನಿಗೆ ಒಳ್ಳೆಯದೆಂದು ಕೈ ಧಾರಾಳ ಮಾಡಿದ್ದು ಎರಡು ಕಡೆಯಿಂದ ಕೆಡುಕು ಮಾಡಿತು: ಅರಗಾಗುವ ಪದಾರ್ಥವೂ ಹೆಚ್ಚಾಯಿತು, ಬಿಸಿಯೂ ಹೆಚ್ಚಾಯಿತು.

ಔಡಲ ಎಣ್ಣೆಯ ಮಾತು

ಸೋದರಮಾವ ಹೇಳಿದ್ದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಔಡಲ ಎಣ್ಣೆಯ ಖ್ಯಾತಿ ಕಟ್ಟುಕತೆಯಲ್ಲ. ಮೊದಲ ಮಹಾಯುದ್ಧದ ಕಾಲದ ವಿಮಾನಗಳ, ಸಿಲಿಂಡರುಗಳೇ ಸುತ್ತುವ ಎಂಜಿನ್ನುಗಳು ಔಡಲ ಎಣ್ಣೆಯ ಮೇಲೆಯೇ ಹಾರಿದವು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೇ ಕ್ಯಾಸ್ಟರ್ ಅಂದರೆ ಔಡಲದಿಂದ. ಅದರ ಶೇಕಡಾ 85ರಿಂದ 90 ಭಾಗ ರಿಸಿನೋಲಿಕ್ ಆಮ್ಲ, ಯಾವ ಅಡುಗೆ ಎಣ್ಣೆಯಲ್ಲೂ ಇಷ್ಟು ಪ್ರಮಾಣದಲ್ಲಿ ಇಲ್ಲದ್ದು. ಆ ಅಣುವಿನಲ್ಲಿರುವ ಹೈಡ್ರಾಕ್ಸಿಲ್ ಗುಂಪು ಲೋಹವನ್ನು ಬಿಗಿಯಾಗಿ ಹಿಡಿಯುತ್ತದೆ. ಅತಿ ಬಿಸಿಯಲ್ಲಿ ಬೇರೆ ಎಣ್ಣೆ ಕೈಬಿಡುವ ಹೊತ್ತಿನಲ್ಲೂ ಇದು ಬಿಡುವುದಿಲ್ಲ. ಮೆಥನಾಲಿನಲ್ಲಿ ಓಡುವ ಆಟಿಕೆ ವಿಮಾನಗಳ ಎಂಜಿನ್ನಿಗೆ ಇವತ್ತಿಗೂ ಔಡಲ ಎಣ್ಣೆ ಬೆರೆಸುತ್ತಾರೆ, ಏಕೆಂದರೆ ಅದು ಆಲ್ಕೊಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ಬರೀ ಪೆಟ್ರೋಲಿನಲ್ಲಿ ಅಷ್ಟು ಚೆನ್ನಾಗಿ ಕರಗುವುದಿಲ್ಲ, ಚಳಿಯಲ್ಲಿ ಬೇರ್ಪಡುತ್ತದೆ.

ಆದರೆ ಅದೂ ಅರಗು ಬಿಡುತ್ತದೆ, ಕುಸುಬಿಯಷ್ಟು ಬೇಗ ಅಲ್ಲದಿದ್ದರೂ. ರೇಸಿನವರು ಪ್ರತಿ ರೇಸಿನ ಬಳಿಕ ಎಂಜಿನ್ ಬಿಚ್ಚಿ ಕೆರೆದು ತೊಳೆಯುತ್ತಿದ್ದರು. ಜೇವರ್ಗಿಯ ಪಂಪು ಮೂರು ವರ್ಷದಲ್ಲಿ ಒಮ್ಮೆ, ಅದೂ ಸತ್ತ ಮೇಲೆ ಬಿಚ್ಚಿಸಿಕೊಳ್ಳುತ್ತದೆ. ಹೀಗಿರುವಾಗ ಔಡಲ ಎಣ್ಣೆಯನ್ನು ಸಿಂಪಡಣೆಯ ಪಂಪಿಗೆ ನಾನು ಹೇಳುವುದಿಲ್ಲ.

ತಂದೆ ಕೇಳಿದ ಪ್ರಶ್ನೆ ಇದಕ್ಕಿಂತ ನೇರವಾಗಿತ್ತು: "ಹೂ ಬಿಟ್ಟದ, ಹುಳ ಬಿದ್ದದ, 2ಟಿ ಸಿಗಲಿಲ್ಲ, ಆಗ ಏನ್ ಮಾಡ್ಬೇಕು?" ನನ್ನ ಉತ್ತರ, ಕೈಪಂಪು ಎತ್ತಿಕೊಳ್ಳಿ ಎಂಬುದು ಮೊದಲನೆಯದು. ಅದಾಗದಿದ್ದರೆ ಬೈಕಿನ ಹೊಸ ಎಂಜಿನ್ ಎಣ್ಣೆಯನ್ನು, ಅದೇ 40 ಮಿಲಿ ಅಳತೆಯಲ್ಲಿ, ಒಂದೆರಡು ಟ್ಯಾಂಕಿಗೆ ಬಳಸಿದರೆ ಎಂಜಿನ್ ಸಾಯುವುದಿಲ್ಲ. ಬೂದಿ ಕೂಡುವುದು ಮೊದಲ ಟ್ಯಾಂಕಿಗಲ್ಲ, ಎಂಟನೆಯದಕ್ಕೆ. ಬೆರೆಸಿದ್ದನ್ನು ಆಗಾಗ ಕುಲುಕಬೇಕು, ಏಕೆಂದರೆ ಪೆಟ್ರೋಲಿನಲ್ಲಿ ಬೇಗ ಕರಗಲೆಂದು 2ಟಿಗೆ ಸೇರಿಸುವ ದ್ರಾವಕ ಅದರಲ್ಲಿಲ್ಲ. ಕೆಲಸ ಮುಗಿದೊಡನೆ ಉಳಿದದ್ದನ್ನು ಚೆಲ್ಲಿ ಪ್ಲಗ್ ಉಜ್ಜಬೇಕು. ಟ್ರ್ಯಾಕ್ಟರಿನಿಂದ ಬಸಿದು ತೆಗೆದ ಕರಿ ಎಣ್ಣೆಯನ್ನು ಮಾತ್ರ ಯಾವ ಕಾರಣಕ್ಕೂ ಹಾಕಬಾರದು, ಅದರಲ್ಲಿ ಬೂದಿಯ ಜೊತೆಗೆ ಲೋಹದ ಪುಡಿಯೂ ಇರುತ್ತದೆ. ಖರ್ಚಿನ ಲೆಕ್ಕದಲ್ಲೂ ಕುಸುಬಿ ಎಣ್ಣೆ ಅವರಿಗೆ ಉಳಿತಾಯವಾಗಿರಲಿಲ್ಲ. ಆ ಸುಮಾರು 700 ಮಿಲಿಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದರೆ ತಿಂಗಳ ಒಗ್ಗರಣೆಗೆ ಆಗುತ್ತಿತ್ತು ಎಂದು ಅವರೇ ಹೇಳಿದರು.

ರಿಪೇರಿ

ಪಿಸ್ಟನ್, ಎರಡು ರಿಂಗು, ಮೇಲ್ತುದಿಯ ನೀಡಲ್ ಬೇರಿಂಗು, ಗ್ಯಾಸ್ಕೆಟ್, ಪ್ಲಗ್, ಬಿರುಸಾಗಿದ್ದ ಪೆಟ್ರೋಲ್ ಪೈಪು ಹೊಸದಾಗಿ ಹಾಕಿದೆವು. ಸಿಲಿಂಡರಿಗೆ ಮೆತ್ತಿದ್ದ ಅಲ್ಯೂಮಿನಿಯಂ ಅನ್ನು ನಯವಾದ ಎಮರಿ ಕಾಗದದಿಂದ ಬಹಳ ನಿಧಾನವಾಗಿ ತೆಗೆದಾಗ ಕ್ರೋಮ್ ಲೇಪ ಉಳಿದಿತ್ತು. ಅದು ಹರಿದಿದ್ದರೆ ರಿಪೇರಿಯ ಬೆಲೆಗೆ ಅರ್ಧ ಹೊಸ ಪಂಪು ಬರುತ್ತಿತ್ತು. ಹೊಗೆ ಕಿಂಡಿಯನ್ನು ಕೆರೆಯುವಾಗ ಪಿಸ್ಟನ್ನನ್ನು ಕೆಳಗೆ ಇಳಿಸಿ, ಬಟ್ಟೆ ತುರುಕಿ, ಮರದ ಚೂಪಿನಿಂದ ಕೆರೆದೆವು. ಉಕ್ಕಿನ ಸೈಲೆನ್ಸರನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಒಂದು ರಾತ್ರಿ ನೆನೆಸಿಟ್ಟಾಗ ಕಂದು ಅರಗು ಸಾಬೂನಿನಂತಾಗಿ ಬಿಟ್ಟುಬಂತು. ಬೂದುಬಿಳಿ ಕಿಟ್ಟಕ್ಕೆ ಸೋಡಾ ಏನೂ ಮಾಡಲಿಲ್ಲ, ಅದನ್ನು ತಂತಿಯಿಂದಲೇ ಕೆದಕಿ ತೆಗೆಯಬೇಕಾಯಿತು. ಸಸ್ಯದ ಎಣ್ಣೆಯ ಅರಗು ಕಾಸ್ಟಿಕ್ಕಿಗೆ ಸೋಲುವುದು ಸಾಬೂನು ಮಾಡುವವರಿಗೆ ಗೊತ್ತಿರುವ ವಿಷಯವೇ, ಆದರೆ ಎರಡು ಪದರಗಳು ಎರಡು ಜಾತಿಯವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಗುತ್ತಿರಲಿಲ್ಲ. ಇ20 ಪೆಟ್ರೋಲಿಗೆ ಹೊಂದುವಂತೆ ಕಾರ್ಬ್ಯುರೇಟರಿನ ಸ್ಕ್ರೂವನ್ನು ಕಾಲು ಸುತ್ತು ಬಿಚ್ಚಿದೆ.

ಒಂದು ಹಳೆಯ ಕೆಮ್ಮಿನ ಔಷಧದ ಬಾಟಲಿಗೆ 40 ಮಿಲಿಗೆ ಸರಿಯಾಗಿ ಫೈಲಿನಿಂದ ಗೀರು ಹಾಕಿ ಕೊಟ್ಟೆ, ಜೊತೆಗೆ ಜಾಸೋ ಎಫ್‌ಸಿ ದರ್ಜೆ ಎಂದು ಬರೆದಿರುವ 2ಟಿ ಡಬ್ಬಿ ಎರಡು. ಜನವರಿಯಲ್ಲಿ ಮಗ ಕಡಲೆಗೆ ಸಿಂಪಡಿಸಿ ಮುಗಿಸಿ, ಸುಮಾರು ಹತ್ತು ಲೀಟರ್ ಓಡಿಸಿದ ಮೇಲೆ, ಗಂಜ್ ಮಾರುಕಟ್ಟೆಗೆ ತೊಗರಿ ತಂದ ದಿನ ಪಂಪನ್ನೂ ಹೊತ್ತು ತಂದ. ಸೈಲೆನ್ಸರ್ ಬಿಚ್ಚಿ ನೋಡಿದೆವು: ಕಿಂಡಿಯ ಅಂಚಿನಲ್ಲಿ ಬೆರಳಿಗೆ ಹತ್ತುವಷ್ಟು ಒಣ ಕರಿಮಸಿ, ಬಟ್ಟೆಯಿಂದ ಒರೆಸಿದರೆ ಹೋಯಿತು. ರಿಂಗು ಒತ್ತಿದರೆ ಚಿಮ್ಮುತ್ತಿತ್ತು. ಮಾಳಿಗೆ ಮೇಲಿನ ಕುಸುಬಿ ಎಣ್ಣೆಯ ತಗಡನ್ನು ಅವನು ಸೋದರಮಾವನಿಗೆ ತೋರಿಸಲೆಂದು ಕಾಗದದಲ್ಲಿ ಸುತ್ತಿ ಒಯ್ದ.